384 ಎಂದು ಬರೆದ ಮಗುವಿಗೆ ಏನು ಹೇಳಬೇಕು?

ಮೂರನೇ ತರಗತಿಯ ಒಂದು ಮಗುವಿನ ಪುಸ್ತಕದಲ್ಲಿ ಹೀಗೊಂದು ಲೆಕ್ಕ ಇದೆ ಅಂದುಕೊಳ್ಳಿ. 503ರಲ್ಲಿ 287 ಕಳೆಯಬೇಕು. ಮಗು 384 ಎಂದು ಬರೆದಿದೆ. ಸರಿ ಉತ್ತರ 216. ಮುಂದೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಕೆಂಪು ಇಂಕಿನಲ್ಲಿ ತಪ್ಪು ಗುರುತು ಬೀಳುತ್ತದೆ. ಪಕ್ಕದಲ್ಲಿ ಸರಿ ಉತ್ತರ ಬರುತ್ತದೆ. ಅಂಥದ್ದೇ ಇನ್ನೂ ಹತ್ತು ಲೆಕ್ಕ ಹೋಂವರ್ಕಿಗೆ ಸಿಗುತ್ತದೆ. ಮಾರನೇ ದಿನ ಆ ಹತ್ತೂ ಅದೇ ರೀತಿ ತಪ್ಪಾಗಿ ವಾಪಸ್ ಬರುತ್ತವೆ.

ಆ 384ನ್ನು ಸ್ವಲ್ಪ ಹೊತ್ತು ನೋಡಿ. ಅದು ಸುಮ್ನೆ ಬಾಯಿಗೆ ಬಂದ ಸಂಖ್ಯೆ ಅಲ್ಲ. ಬಿಡಿ ಸ್ಥಾನದಲ್ಲಿ ಮೇಲೆ 3, ಕೆಳಗೆ 7. 'ಚಿಕ್ಕದರಲ್ಲಿ ದೊಡ್ಡದನ್ನು ಕಳೆಯೋಕೆ ಆಗಲ್ಲ' ಎಂದು ಯಾರೋ ಯಾವಾಗಲೋ ಹೇಳಿಕೊಟ್ಟಿದ್ದಾರೆ. ಹಾಗಾಗಿ ಮಗು 7ರಲ್ಲಿ 3 ಕಳೆದು 4 ಬರೆಯಿತು. ಹತ್ತರ ಸ್ಥಾನದಲ್ಲಿ 8ರಲ್ಲಿ 0 ಕಳೆದು 8 ಬರೆಯಿತು. ನೂರರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3 ಬರೆಯಿತು. ತನಗೆ ಗೊತ್ತಿರುವ ನಿಯಮವನ್ನು ಕೊನೆತನಕ ಶ್ರದ್ಧೆಯಿಂದ ಪಾಲಿಸಿದೆ. ನಿಯಮ ತಪ್ಪಾಗಿತ್ತು, ಅಷ್ಟೇ.

1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಮಕ್ಕಳ ಇಂಥ ತಪ್ಪುಗಳನ್ನೇ ಹಿಡಿದುಕೊಂಡು ಕೂತರು. ಬಹಳಷ್ಟು ತಪ್ಪುಗಳು ಗಮನ ತಪ್ಪಿ ಆದವಲ್ಲ ಎಂದು ಅವರಿಗೆ ಕಂಡಿತು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಒಂದು ಬಗ್, ಅಂದರೆ ಒಳಗೇ ಅಡಗಿದ ದೋಷ, ಇದ್ದರೆ ಅದು ಪ್ರತಿ ಸಲವೂ ಒಂದೇ ರೀತಿ ತಪ್ಪುತ್ತದೆ, ಅಲ್ವಾ? ಮಕ್ಕಳ ತಪ್ಪುಗಳೂ ಹಾಗೇ ಇದ್ದವು. ಶಿಕ್ಷಕರಾಗಲು ಹೊರಟವರಿಗೆಂದು ಅವರು 'ಬಗ್ಗಿ' ಎಂಬ ಆಟದಂಥ ಪ್ರೋಗ್ರಾಂ ಮಾಡಿದರು. ತಪ್ಪು ಉತ್ತರಗಳನ್ನು ನೋಡಿ, ಅವುಗಳ ಹಿಂದೆ ಯಾವ ನಿಯಮ ಇದೆ ಎಂದು ಪತ್ತೆ ಹಚ್ಚುವುದೇ ಆಟ. ಇದಾಗಿ ಅರ್ಧ ಶತಮಾನ ಆಗುತ್ತಾ ಬಂತು. ಆದರೂ ತರಗತಿಯಲ್ಲಿ ಇವತ್ತಿಗೂ ಜಾಸ್ತಿ ಕೇಳುವ ಪ್ರಶ್ನೆ 'ಉತ್ತರ ಎಷ್ಟು?' ಎಂಬುದೇ. 'ಹೇಗೆ ಮಾಡಿದೆ?' ಎಂಬ ಪ್ರಶ್ನೆ ಅಪರೂಪ. ಪ್ರಾಥಮಿಕ ಶಾಲೆಯ ಗಣಿತಕ್ಕೆ ಲೆಕ್ಕಗಳ ಕೊರತೆ ಇಲ್ಲ. ಈ ಎರಡನೇ ಪ್ರಶ್ನೆಯ ಕೊರತೆ ಇದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇದನ್ನು ಈಗ ಹೇಳಲು ಕಾರಣ ಇದೆ. ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಅಂತರರಾಷ್ಟ್ರೀಯ ಪಿಸಾ ಪರೀಕ್ಷೆಯಲ್ಲಿ 2018 ಮತ್ತು 2022ರ ನಡುವೆ ಓಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಕೂಟದ ಗಣಿತದ ಸರಾಸರಿ ಸುಮಾರು 15 ಅಂಕ ಇಳಿಯಿತು. ಅಂಥ ಇಳಿಕೆಯನ್ನು ಆ ಪರೀಕ್ಷೆ ಹಿಂದೆ ಕಂಡಿರಲಿಲ್ಲ. ಕೊರೋನಾ ಒಂದು ಕಾರಣ, ನಿಜ. ಆದರೆ ಹಲವು ದೇಶಗಳಲ್ಲಿ ಅದಕ್ಕೂ ಮೊದಲೇ ಇಳಿಕೆ ಶುರುವಾಗಿತ್ತು. ಅಂಕ ಬಿದ್ದಾಗ ಎಲ್ಲರ ಕಣ್ಣು ಹೈಸ್ಕೂಲಿನ ಮೇಲೆ ಹೋಗುತ್ತದೆ. ಬೀಜಗಣಿತ ಅರ್ಥವಾಗದ ಮಗುವಿಗೆ ಬೀಜಗಣಿತದ ಟ್ಯೂಷನ್ ಹಾಕಿಸುತ್ತಾರೆ. ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ಮಾಹಿತಿ ಇಟ್ಟುಕೊಂಡು ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಬೇರೆಯೇ ಮಾತು ಹೇಳಿದರು. ಹತ್ತು ವರ್ಷದ ಹೊತ್ತಿಗೆ ಮಗುವಿಗೆ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಅರ್ಥವಾಗಿದೆ ಎಂಬುದು ಹೈಸ್ಕೂಲಿನ ಬೀಜಗಣಿತ ಹೇಗಿರುತ್ತದೆ ಎಂದು ಮೊದಲೇ ತಿಳಿಸುತ್ತದೆ. ಮನೆಯ ಹಿನ್ನೆಲೆ, ಬುದ್ಧಿಶಕ್ತಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ಉಳಿಯಿತು.

ಭಿನ್ನರಾಶಿಗೂ ಹಿಂದಕ್ಕೆ ಹೋದರೆ ಸ್ಥಾನಬೆಲೆ ಸಿಗುತ್ತದೆ. ಎಲ್ಲದರ ಅಡಿಪಾಯ ಅದು. 'ನೂರ ಐದು' ಬರೆ ಎಂದರೆ ಎಷ್ಟೋ ಮಕ್ಕಳು 1005 ಎಂದು ಬರೆಯುತ್ತಾರೆ. ಅವರ ತರ್ಕ ಸರಿಯಾಗೇ ಇದೆ. ನೂರು ಕೇಳಿಸಿತು, 100 ಬರೆದರು. ಐದು ಕೇಳಿಸಿತು, 5 ಬರೆದರು. ನಾವು ಮಾತಾಡುವ ಸಂಖ್ಯೆಗೂ ಬರೆಯುವ ಸಂಖ್ಯೆಗೂ ವ್ಯವಸ್ಥೆ ಬೇರೆ ಬೇರೆ. ದೊಡ್ಡವರಾದ ಮೇಲೆ ಆ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿ ಕನ್ನಡ ನಮ್ಮ ಕೈಗೊಂದು ಒಳ್ಳೆಯ ಸಾಧನ ಕೊಟ್ಟಿದೆ. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು. ಗಟ್ಟಿಯಾಗಿ ಹೇಳಿ ನೋಡಿ. ಪ್ರತಿಯೊಂದರ ಬಾಲದಲ್ಲೂ ಒಂದು 'ಹತ್ತು' ಅಡಗಿ ಕೂತಿದೆ. ಐದು ಹತ್ತು ಐವತ್ತು ಆಗಿದೆ. ಆರು ಹತ್ತು ಅರವತ್ತು ಆಗಿದೆ. ಹನ್ನೊಂದರೊಳಗೆ ಹತ್ತೂ ಇದೆ, ಒಂದೂ ಇದೆ. ಇದನ್ನು ಮಕ್ಕಳಿಂದಲೇ ಹುಡುಕಿಸಬಹುದು. 'ನಲವತ್ತೇಳರಲ್ಲಿ ಹತ್ತು ಎಲ್ಲಿದೆ, ಕೇಳಿಸ್ತಾ?' ಎಂದು ಕೇಳಿದರೆ ಸಾಕು. ಜರ್ಮನ್ ಮಾತಾಡುವ ಮಗು 47ನ್ನು 'ಏಳು ಮತ್ತು ನಲವತ್ತು' ಎಂದು ಹೇಳಿ, ಬರೆಯುವಾಗ 4ನ್ನು ಮೊದಲು ಬರೆಯಬೇಕು. ನಮ್ಮ ಮಕ್ಕಳಿಗೆ ಆ ಕಷ್ಟ ಇಲ್ಲ. ಹೇಳುವ ಕ್ರಮದಲ್ಲೇ ಬರೆಯುತ್ತಾರೆ.

ಕಡ್ಡಿ, ಮಣಿ, ಬ್ಲಾಕ್‌ಗಳ ವಿಷಯಕ್ಕೆ ಬರೋಣ. ಮೊದಲು ಕೈಯಲ್ಲಿ ಮುಟ್ಟಿ, ಆಮೇಲೆ ಚಿತ್ರ ನೋಡಿ, ಕೊನೆಗೆ ಅಂಕಿಗೆ ಬರುವುದು ಎಂಬ ದಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಅವರ 1960ರ ದಶಕದ ಕೆಲಸವೇ ಬುನಾದಿ. ಸಿಂಗಪುರ 1980ರ ದಶಕದಲ್ಲಿ ಅದನ್ನು ತನ್ನ ಪ್ರಾಥಮಿಕ ಶಾಲೆಗಳಲ್ಲಿ ಅಳವಡಿಸಿಕೊಂಡಿತು. ನಾಲ್ಕನೇ ತರಗತಿ ಮಕ್ಕಳಿಗೆ ನಡೆದ 2023ರ ಟಿಮ್ಸ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲೂ ಅದೇ ದೇಶ ಗಣಿತದಲ್ಲಿ ಮೊದಲಿತ್ತು. ಇದನ್ನು ನೋಡಿ ಬಹಳ ಶಾಲೆಗಳು ಗಣಿತದ ಪೆಟ್ಟಿಗೆಗಳನ್ನು ತರಿಸಿಕೊಂಡವು. ತರಿಸಿದ್ದು ಒಳ್ಳೆಯದೇ. ಆದರೆ ಪೆಟ್ಟಿಗೆ ತಾನೇ ಏನನ್ನೂ ಕಲಿಸುವುದಿಲ್ಲ. 'ಮೊದಲು ಹತ್ತು ಕಡ್ಡಿ ಕಟ್ಟು, ಇಲ್ಲಿ ಇಡು, ಈಗ ಬಿಚ್ಚು' ಎಂದು ಹೇಳಿದಂತೆ ಮಾಡುತ್ತಾ ಹೋದರೆ ಅದೂ ಒಂದು ಬಾಯಿಪಾಠವೇ. ಕಟ್ಟು ಬಿಚ್ಚಿದಾಗ ಕಡ್ಡಿಗಳ ಒಟ್ಟು ಸಂಖ್ಯೆ ಬದಲಾಯಿತಾ, ಇಲ್ಲವಾ? ಈ ಒಂದು ಪ್ರಶ್ನೆ ಕೇಳದಿದ್ದರೆ ಕಡ್ಡಿ ಕಟ್ಟಿದ್ದು ವ್ಯರ್ಥ. ಕಳೆಯುವಾಗ 'ಪಕ್ಕದಿಂದ ಸಾಲ ತಗೋ' ಎನ್ನುತ್ತೇವಲ್ಲ, ಆ ಮಾತೇ ಮಗುವಿಗೆ ಗೊಂದಲ ಮಾಡುತ್ತದೆ. ಸಾಲ ಅಂದರೆ ವಾಪಸ್ ಕೊಡಬೇಕು. ಇಲ್ಲಿ ಯಾರೂ ಯಾರಿಗೂ ಏನೂ ವಾಪಸ್ ಕೊಡುವುದಿಲ್ಲ. ಒಂದು ನೂರನ್ನು ಬಿಚ್ಚಿ ಹತ್ತು ಹತ್ತುಗಳನ್ನಾಗಿ ಮಾಡುತ್ತೇವೆ, ಅಷ್ಟೇ. 'ಬಿಚ್ಚು' ಎಂಬ ಮಾತೇ ಸಾಕಲ್ಲವೇ?

ಬೆರಳೆಣಿಕೆಯ ಬಗ್ಗೆಯೂ ಒಂದು ಮಾತು. ಬೆರಳು ಮಡಚುವ ಮಗುವನ್ನು ಬೈಯಬೇಡಿ. ಕೈಯನ್ನು ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡು ಎಣಿಸುವ ಮಗು ಲೆಕ್ಕದ ಜೊತೆಗೆ ನಾಚಿಕೆಯನ್ನೂ ಕಲಿಯುತ್ತದೆ.

ಇನ್ನು ಸಮ ಚಿಹ್ನೆ. ಇಷ್ಟು ಸಣ್ಣ ಗುರುತಿನೊಳಗೆ ಇಷ್ಟು ದೊಡ್ಡ ತೊಂದರೆ ಇರಬಹುದು ಎಂದು ನಾನೂ ಮೊದಲು ನಂಬಿರಲಿಲ್ಲ. 8 + 4 = ☐ + 5. ಖಾಲಿ ಜಾಗದಲ್ಲಿ ಏನು ಬರಬೇಕು? 7. ಅಮೆರಿಕದಲ್ಲಿ ಕಾರ್ಪೆಂಟರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಆರನೇ ತರಗತಿಯ 145 ಮಕ್ಕಳಿಗೆ ಇದನ್ನು ಕೇಳಿದ್ದರು. ಒಬ್ಬರೂ 7 ಎನ್ನಲಿಲ್ಲ. ಹೆಚ್ಚಿನವರು 12 ಎಂದರು. ಕೆಲವರು ಎಲ್ಲವನ್ನೂ ಕೂಡಿ 17 ಎಂದರು. ಏಕೆಂದರೆ ಒಂದನೇ ತರಗತಿಯಿಂದ ಅವರು ನೋಡಿದ್ದೆಲ್ಲ ಎಡಗಡೆ ಲೆಕ್ಕ, ಬಲಗಡೆ ಖಾಲಿ ಜಾಗ. ಆ ಚಿಹ್ನೆ ಎಂದರೆ 'ಈಗ ಉತ್ತರ ಬರೆ' ಎಂಬ ಅಪ್ಪಣೆ ಎಂದೇ ಅವರು ತಿಳಿದುಕೊಂಡಿದ್ದರು. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದವರು ಈ ಚಿಹ್ನೆಯನ್ನು ಮೊದಲು ಬಳಸಿದಾಗ, ಸಮಾನಾಂತರ ಗೆರೆಗಳ ಜೋಡಿಗಿಂತ ಸಮವಾದದ್ದು ಇನ್ನೊಂದಿಲ್ಲ ಎಂಬ ಕಾರಣ ಕೊಟ್ಟಿದ್ದರು. ಎರಡೂ ಕಡೆ ಒಂದೇ ಎಂಬ ಆ ಅರ್ಥ ಮಕ್ಕಳ ಕೈಗೆ ಬರುವಷ್ಟರಲ್ಲಿ ಕಳೆದುಹೋಗಿತ್ತು. ಇದನ್ನು ಸರಿಮಾಡಲು ಹೊಸ ಪಠ್ಯಪುಸ್ತಕ ಬೇಡ. ಆಗಾಗ 12 = 8 + 4 ಎಂದು ತಿರುಗಿಸಿ ಬರೆಯಿರಿ. 6 + 3 = 5 + 4 ಸರಿಯೋ ತಪ್ಪೋ ಎಂದು ಕೇಳಿ. ಮಕ್ಕಳು ಜಗಳ ಆಡಲಿ. ಬೀಜಗಣಿತ ಶುರುವಾಗುವುದು ಆ ಜಗಳದಲ್ಲೇ.

ಮಾತಿನ ಲೆಕ್ಕಗಳದ್ದು ಇನ್ನೊಂದು ಕಥೆ. 1980ರ ಆಸುಪಾಸಿನಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಶಿಕ್ಷಣದ ಸಂಶೋಧಕರು ಚಿಕ್ಕ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟರು. ಒಂದು ಹಡಗಿನಲ್ಲಿ 26 ಕುರಿ ಮತ್ತು 10 ಮೇಕೆ ಇವೆ. ಹಡಗಿನ ಕಪ್ತಾನನ ವಯಸ್ಸು ಎಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನೇ ಹೇಗೋ ಸೇರಿಸಿ ಉತ್ತರ ಕೊಟ್ಟರು. ದಯವಿಟ್ಟು ಇದನ್ನು ಓದಿ ನಗಬೇಡಿ. ಆ ಮಕ್ಕಳು ದಡ್ಡರಲ್ಲ. ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕು ಎಂದು ನಾವೇ ಅವರಿಗೆ ದಿನವೂ ಕಲಿಸಿದ್ದೇವೆ. ಅವರು ನಮ್ಮನ್ನು ನಂಬಿದರು.

ಶಾಲೆಯ ಲೆಕ್ಕ ಬೇರೆ, ಬದುಕಿನ ಲೆಕ್ಕ ಬೇರೆ ಎಂದು ಮಕ್ಕಳು ಬೇಗ ವಿಂಗಡಿಸಿಬಿಡುತ್ತಾರೆ. ಬ್ರೆಜಿಲಿನ ರೆಸಿಫೆಯಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ನೋಡಿ ಟೆರೆಜಿನ್ಯಾ ಕರಾಹೆರ್ ಮತ್ತು ಇತರರು 1985ರಲ್ಲಿ ಬರೆದ ಲೇಖನ ಈ ಕ್ಷೇತ್ರದಲ್ಲಿ ಪ್ರಸಿದ್ಧ. ವ್ಯಾಪಾರದ ನಡುವೆ ಕೇಳಿದಾಗ ಆ ಮಕ್ಕಳ 98 ಶೇಕಡಾ ಉತ್ತರಗಳು ಸರಿ ಇದ್ದವು. ಅದೇ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿ ಬಂದದ್ದು ಸುಮಾರು 37 ಶೇಕಡಾ. ಐದೇ ಮಕ್ಕಳ ಮಾತು ಎಂದು ಇದನ್ನು ಬದಿಗಿಡಬಹುದಿತ್ತು. ಆದರೆ 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತಿತರರು 'ನೇಚರ್' ಪತ್ರಿಕೆಯಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಬಹಳ ದೊಡ್ಡ ಅಧ್ಯಯನ ಪ್ರಕಟಿಸಿದರು. ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳು ಕಷ್ಟದ ವ್ಯವಹಾರವನ್ನೂ ಬಾಯಿ ಲೆಕ್ಕದಲ್ಲೇ ಸರಿಯಾಗಿ ಮುಗಿಸಿದರು. ಶಾಲೆಯ ಮಾದರಿಯ ಸರಳ ಲೆಕ್ಕದಲ್ಲಿ ಎಡವಿದರು. ಶಾಲೆಗೆ ಹೋಗುವ, ದುಡಿಯದ ಮಕ್ಕಳದ್ದು ಪೂರ್ತಿ ಉಲ್ಟಾ. ಪುಸ್ತಕದ ಲೆಕ್ಕ ಬಂತು, ವ್ಯವಹಾರದ ಲೆಕ್ಕ ಬರಲಿಲ್ಲ.

ಈ ಎರಡನೇ ಅರ್ಧ ನನ್ನನ್ನು ಜಾಸ್ತಿ ಕಾಡುತ್ತದೆ. ದುಡಿಯುವ ಮಗುವಿಗೆ ಶಾಲೆ ಅನ್ಯಾಯ ಮಾಡಿತು ಎಂಬುದು ನಮಗೆ ಬೇಗ ಅರ್ಥವಾಗುತ್ತದೆ. ಆದರೆ ದಿನವೂ ಶಾಲೆಗೆ ಬಂದು, ಪಾಠ ಕೇಳಿ, ಪರೀಕ್ಷೆ ಪಾಸಾದ ಮಗುವಿಗೂ ತಾನು ಕಲಿತ ಗುಣಾಕಾರ ಪುಸ್ತಕದ ಹೊರಗೆ ಗುರುತು ಸಿಗುತ್ತಿಲ್ಲ ಅಂದರೆ, ಆ ಮಗು ಕಲಿತದ್ದೇನು? ಎರಡೂ ಬಗೆಯ ಮಕ್ಕಳಿಗೆ ಬೇಕಿರುವುದು ಒಂದೇ. ತಲೆಯಲ್ಲಿ ಮಾಡಿದ್ದನ್ನು ಬಾಯಲ್ಲಿ ಹೇಳಿ, ಅದನ್ನೇ ಕಾಗದದ ಮೇಲೆ ಕಾಣುವ ಅವಕಾಶ. ಮತ್ತೆ ಅದೇ 'ಹೇಗೆ ಮಾಡಿದೆ?'

ಹಾಗಾದರೆ ಮಗ್ಗಿ ಬೇಡವೇ? ಖಂಡಿತ ಬೇಕು. ಏಳೆಂಟಲ ಎಷ್ಟು ಎಂದು ಪ್ರತಿ ಸಲ ಎಣಿಸಬೇಕಾದ ಮಗುವಿಗೆ ದೊಡ್ಡ ಲೆಕ್ಕದ ಬಗ್ಗೆ ಯೋಚಿಸಲು ತಲೆಯಲ್ಲಿ ಜಾಗವೇ ಉಳಿಯುವುದಿಲ್ಲ. ಆದರೆ ಮಗ್ಗಿಯನ್ನು ನಾವು ಇರುವುದಕ್ಕಿಂತ ದೊಡ್ಡ ಗುಡ್ಡ ಮಾಡಿ ತೋರಿಸುತ್ತೇವೆ. ಹತ್ತರವರೆಗಿನ ಮಗ್ಗಿಯಲ್ಲಿ 100 ಗುಣಲಬ್ಧಗಳು. 3 × 8 ಮತ್ತು 8 × 3 ಒಂದೇ ಎಂದು ಮಗು ಕಂಡುಕೊಂಡರೆ ಉಳಿಯುವುದು 55. ಒಂದು, ಎರಡು, ಐದು, ಹತ್ತರ ಮಗ್ಗಿ ಎಲ್ಲ ಮಕ್ಕಳಿಗೂ ಸುಲಭವಾಗಿ ಬರುತ್ತವೆ. ಅವನ್ನು ತೆಗೆದರೆ ಉಳಿಯುವುದು ಬರೀ 21. ಇಪ್ಪತ್ತೊಂದೇ! ಈ ಎಣಿಕೆಯನ್ನು ತರಗತಿಯಲ್ಲಿ ಮಕ್ಕಳ ಕೈಯಲ್ಲೇ ಮಾಡಿಸಿ. ದೊಡ್ಡ ಚೌಕದ ಪಟ್ಟಿ ಬರೆದು, ಗೊತ್ತಿರುವ ಮನೆಗಳಿಗೆ ಬಣ್ಣ ತುಂಬುತ್ತಾ ಹೋದರೆ ಮಕ್ಕಳ ಮುಖ ಅರಳುವುದು ಕಾಣುತ್ತದೆ. ಉಳಿದ 21ನ್ನೂ ಗೊತ್ತಿರುವುದರಿಂದ ಕಟ್ಟಬಹುದು. 7 × 8 ಮರೆತುಹೋಯಿತಾ? ಐದು ಎಂಟು ನಲವತ್ತು, ಎರಡು ಎಂಟು ಹದಿನಾರು, ಸೇರಿಸಿದರೆ ಐವತ್ತಾರು. ಹೀಗೆ ಕಟ್ಟಲು ಬರುವ ಮಗು ಮರೆತರೂ ಹೆದರುವುದಿಲ್ಲ. ಉರು ಹೊಡೆದ ಮಗು ಮರೆತರೆ ಅಳುತ್ತದೆ.

ಆಟವೂ ಕಲಿಸುತ್ತದೆ. ಆದರೆ ಯಾವ ಆಟ, ಹೇಗೆ ಆಡುವುದು ಎಂಬುದು ಮುಖ್ಯ. 2008ರಲ್ಲಿ ಗೀತಾ ರಮಣಿ ಮತ್ತು ಸೀಗ್ಲರ್ ಅಮೆರಿಕದ ಬಡ ಕುಟುಂಬಗಳ ಪುಟ್ಟ ಮಕ್ಕಳ ಜೊತೆ ಒಂದು ಸರಳ ಆಟ ಆಡಿಸಿದರು. 1ರಿಂದ 10ರವರೆಗೆ ಸಾಲಾಗಿ ಬರೆದ ಮನೆಗಳು. ಬಂದ ಸಂಖ್ಯೆಯಷ್ಟು ಕಾಯಿ ಮುಂದೆ ನಡೆಸುವುದು. ಎರಡು ವಾರದಲ್ಲಿ ನಾಲ್ಕು ಸಲ ಆಡಿದ್ದಕ್ಕೇ ಮಕ್ಕಳ ಸಂಖ್ಯಾಜ್ಞಾನ ಚೆನ್ನಾಗಿ ಬೆಳೆಯಿತು. ಒಂಬತ್ತು ವಾರದ ನಂತರವೂ ಉಳಿದಿತ್ತು. ಸಂಖ್ಯೆಯ ಬದಲು ಬಣ್ಣದ ಮನೆಗಳಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಆಗಲಿಲ್ಲ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಐದನೇ ಮನೆಯಲ್ಲಿದ್ದ ಮಗುವಿಗೆ 2 ಬಂದರೆ 'ಒಂದು, ಎರಡು' ಎನ್ನುವಂತಿಲ್ಲ. 'ಆರು, ಏಳು' ಎಂದೇ ಹೇಳುತ್ತಾ ನಡೆಸಬೇಕು. ಆಗ ಸಂಖ್ಯೆಗಳು ಸಾಲಾಗಿ, ಒಂದರ ಪಕ್ಕ ಒಂದು, ಸಮ ದೂರದಲ್ಲಿ ಕೂತಿವೆ ಎಂಬುದು ಬಾಯಿ, ಕೈ, ಕಣ್ಣು ಮೂರಕ್ಕೂ ಒಟ್ಟಿಗೆ ತಿಳಿಯುತ್ತದೆ.

ಈಗ ಗಣಿತವನ್ನು ಪ್ರಚಾರ ಮಾಡುವ ವಿಷಯ. ಯುನೆಸ್ಕೊ 2019ರಲ್ಲಿ ಮಾರ್ಚ್ 14ನ್ನು ಅಂತರರಾಷ್ಟ್ರೀಯ ಗಣಿತ ದಿನ ಎಂದು ಘೋಷಿಸಿತು. ಶಾಲೆಗಳಲ್ಲಿ ಗಣಿತ ಮೇಳ, ಕ್ವಿಜ್, ವೇಗದ ಸ್ಪರ್ಧೆಗಳು ನಡೆಯುತ್ತವೆ. ಉತ್ಸಾಹ ನಿಜವಾದದ್ದು. ಆದರೆ ವೇದಿಕೆ ಹತ್ತುವವರು ಯಾರು ಎಂದು ನೋಡಿ. ಬೇಗ ಹೇಳುವ ಅದೇ ನಾಲ್ಕೈದು ಮಕ್ಕಳು. ಕೆಳಗೆ ಕೂತು ಚಪ್ಪಾಳೆ ತಟ್ಟುವ ಉಳಿದ ಮೂವತ್ತು ಮಕ್ಕಳು ಆ ದಿನ ಏನು ಕಲಿತರು? 'ಗಣಿತ ಅಂದರೆ ಬೇಗ ಹೇಳುವುದು, ಅದು ನನಗೆ ಬರಲ್ಲ' ಎಂದು ಕಲಿತರು. ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವನ್ನು 1950ರಲ್ಲಿ ಪಡೆದ ಲೊರಾಂ ಶ್ವಾರ್ಟ್ಸ್, ಶಾಲೆಯಲ್ಲಿ ತಾನು ನಿಧಾನ, ದಡ್ಡ ಎಂದೇ ನಂಬಿದ್ದೆ ಎಂದು ಬರೆದುಕೊಂಡಿದ್ದಾರೆ. 2014ರಲ್ಲಿ ಆ ಪದಕ ಪಡೆದ ಮೊದಲ ಮಹಿಳೆ, ಇರಾನಿನ ಮರ್ಯಮ್ ಮಿರ್ಜಾಖಾನಿ ಕೂಡ ತಾನು ನಿಧಾನವಾಗಿ ಯೋಚಿಸುವವಳು ಎಂದೇ ಹೇಳಿಕೊಂಡಿದ್ದರು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಫ್ರಾನ್ಸಿನಲ್ಲಿ 2018ರಿಂದ ಒಂದನೇ ತರಗತಿ ಸೇರುವ ಎಲ್ಲ ಮಕ್ಕಳನ್ನೂ ಪರೀಕ್ಷಿಸಲಾಗುತ್ತಿದೆ. ನಾಲ್ಕು ವರ್ಷಗಳ, 25 ಲಕ್ಷಕ್ಕೂ ಹೆಚ್ಚು ಮಕ್ಕಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಶಾಲೆಗೆ ಬಂದ ದಿನ ಹುಡುಗ ಹುಡುಗಿಯರ ನಡುವೆ ಗಣಿತದಲ್ಲಿ ವ್ಯತ್ಯಾಸ ಇಲ್ಲ ಎನ್ನುವಷ್ಟು ಕಡಿಮೆ. ನಾಲ್ಕೇ ತಿಂಗಳಲ್ಲಿ ಹುಡುಗರು ಮುಂದೆ. ವರ್ಷ ಕಳೆಯುವಷ್ಟರಲ್ಲಿ ಅಂತರ ಇನ್ನೂ ದೊಡ್ಡದು. ವಯಸ್ಸು ಹೆಚ್ಚಾದಂತೆ ಅಲ್ಲ, ಶಾಲೆಯಲ್ಲಿ ಕಳೆದ ದಿನಗಳು ಹೆಚ್ಚಾದಂತೆ ಅಂತರ ಬೆಳೆಯುತ್ತದೆ. ಅಂದರೆ ಹುಟ್ಟಿನ ಮೇಲೆ ಹಾಕಲು ಬರುವುದಿಲ್ಲ. ನಮ್ಮ ತರಗತಿಯಲ್ಲೇ ಏನೋ ಆಗುತ್ತಿದೆ. ಏನು ಆಗುತ್ತಿರಬಹುದು ಎಂಬುದಕ್ಕೆ ಒಂದು ಸುಳಿವು 2010ರಲ್ಲೇ ಸಿಕ್ಕಿತ್ತು. ಗಣಿತ ಎಂದರೆ ಭಯಪಡುವ ಶಿಕ್ಷಕಿಯರ ತರಗತಿಯಲ್ಲಿ, ವರ್ಷದ ಕೊನೆಗೆ 'ಗಣಿತ ಹುಡುಗರಿಗೆ, ಓದು ಹುಡುಗಿಯರಿಗೆ' ಎಂದು ನಂಬುವ ಹುಡುಗಿಯರು ಹೆಚ್ಚಿದ್ದರು ಎಂದು ಶಿಯಾನ್ ಬೈಲಾಕ್ ಮತ್ತು ಸಂಗಡಿಗರು ತೋರಿಸಿದ್ದರು. ಹಾಗೆ ನಂಬಿದವರ ಅಂಕವೂ ಕಡಿಮೆ ಇತ್ತು. ಮನೆಯಲ್ಲಿ 'ನನಗೂ ಗಣಿತ ಬರ್ತಿರಲಿಲ್ಲ ಬಿಡು' ಎಂದು ಅಮ್ಮ ಅಥವಾ ಅಪ್ಪ ಸಮಾಧಾನಕ್ಕೆ ಹೇಳುವ ಮಾತೂ ಮಗುವಿನ ಕಿವಿಗೆ ಬೇರೆಯೇ ರೀತಿ ಕೇಳಿಸುತ್ತದೆ.

ಪ್ರಚಾರ ಮಾಡುವುದಾದರೆ ಇದನ್ನು ಮಾಡಿ. ಒಂದೇ ಲೆಕ್ಕಕ್ಕೆ ಎಷ್ಟು ದಾರಿ ಸಿಗುತ್ತದೆ ಎಂದು ನೋಡುವ ಮೇಳ ಇಡಿ. 18 × 5ನ್ನು ಐದು ಮಕ್ಕಳು ಐದು ರೀತಿ ಮಾಡಿ ಗೋಡೆಗೆ ಅಂಟಿಸಲಿ. ಒಬ್ಬಳು 20 × 5 ಮಾಡಿ 10 ಕಳೆಯಲಿ. ಇನ್ನೊಬ್ಬ 9 × 10 ಎಂದು ಮಾಡಲಿ. ಆ ಎರಡನೇ ದಾರಿ ಏಕೆ ಸರಿ ಎಂದು ಮೂರನೆಯವಳು ಚಿತ್ರ ಬರೆದು ತೋರಿಸಲಿ. ಈಗಂತೂ ಫೋನಿಗೆ ಲೆಕ್ಕದ ಫೋಟೋ ತೋರಿಸಿದರೆ ಉತ್ತರ, ಹೆಜ್ಜೆಗಳ ಸಮೇತ, ಕ್ಷಣದಲ್ಲಿ ಬರುತ್ತದೆ. ಬರೀ ಉತ್ತರಕ್ಕೆ ಬಹುಮಾನ ಕೊಡುವುದರಲ್ಲಿ ಅರ್ಥವೇ ಉಳಿದಿಲ್ಲ.

ಇದೆಲ್ಲ ಶಿಕ್ಷಕರ ಹೆಗಲ ಮೇಲೆ ಬೀಳುತ್ತದೆ, ನನಗೆ ಗೊತ್ತು. ನಲವತ್ತು ಮಕ್ಕಳು, ಮುಗಿಸಬೇಕಾದ ಪಾಠಗಳು, ತುಂಬಬೇಕಾದ ನಮೂನೆಗಳು. ಅವರನ್ನು ದೂರಿ ಪ್ರಯೋಜನ ಇಲ್ಲ. ಲಿಪಿಂಗ್ ಮಾ ಎಂಬ ಸಂಶೋಧಕಿ 1999ರಲ್ಲಿ ಪ್ರಕಟಿಸಿದ ಹೋಲಿಕೆ ಇಲ್ಲಿ ನೆನಪಾಗುತ್ತದೆ. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಎಂದರೆ ಚೀನಾದ 72 ಪ್ರಾಥಮಿಕ ಶಿಕ್ಷಕರೂ ಸರಿಯಾಗಿ ಮಾಡಿದರು. ಅಮೆರಿಕದ ಶಿಕ್ಷಕರಲ್ಲಿ ಅರ್ಧದಷ್ಟು ಮಂದಿಗೂ ಆಗಲಿಲ್ಲ. ಓದಿದ ವರ್ಷಗಳನ್ನು ನೋಡಿದರೆ ಚೀನಾದವರದ್ದೇ ಕಡಿಮೆ. ಆದರೆ ಅವರು ಕೆಲಸದ ನಡುವೆಯೇ ಸಹೋದ್ಯೋಗಿಗಳ ಜೊತೆ ಕೂತು ಪಠ್ಯಪುಸ್ತಕ ಓದುತ್ತಿದ್ದರು. ಈ ಲೆಕ್ಕವನ್ನು ಮಗು ಹೇಗೆಲ್ಲ ಮಾಡಬಹುದು ಎಂದು ಚರ್ಚಿಸುತ್ತಿದ್ದರು. ಅಂಥ ಸಮಯವನ್ನು ಶಿಕ್ಷಕರಿಗೆ ಕೊಡದೆ ಫಲಿತಾಂಶ ಕೇಳುವುದು ನ್ಯಾಯವಲ್ಲ.

ಒಂದು ವಿಷಯಕ್ಕೆ ಮಾತ್ರ ಯಾರ ಅನುಮತಿಯೂ ಬೇಡ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠಗಳನ್ನು ಗಮನಿಸಿ ಹೇಳಿದ್ದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಲೆಕ್ಕದ ಪಾಠಕ್ಕೂ ಇದು ಸಲ್ಲುತ್ತದೆ ಎಂದು ನನಗನಿಸುತ್ತದೆ.

384 ಎಂದು ಬರೆದ ಆ ಮಗುವಿನ ಪಕ್ಕ ಕೂತುಕೊಳ್ಳೋಣ.

'ಹೇಗೆ ಮಾಡಿದೆ ಪುಟ್ಟಾ?'

'7ರಲ್ಲಿ 3 ಹೋದ್ರೆ 4, ಟೀಚರ್. 8ರಲ್ಲಿ ಸೊನ್ನೆ ಹೋದ್ರೆ 8...'

'ಸರಿ. ಪೆನ್ಸಿಲ್ ಕೆಳಗಿಡು. 503ರಲ್ಲಿ 300 ತೆಗೆದರೆ ಎಷ್ಟು ಉಳಿಯುತ್ತೆ?'

ಮೂರು ಸೆಕೆಂಡ್. '203.'

'ನಾವು ತೆಗೆಯಬೇಕಾಗಿದ್ದು ಎಷ್ಟು?'

'287.'

ಮಗು ತಾನು ಬರೆದ 384ನ್ನು ನೋಡುತ್ತದೆ. ಮತ್ತೆ 203ನ್ನು ನೋಡುತ್ತದೆ. ಈಗ ಟೀಚರ್ ಏನೂ ಹೇಳಬಾರದು.

'ಟೀಚರ್, 13 ಜಾಸ್ತಿ ತೆಗೆದುಬಿಟ್ಟಿದ್ದೀವಿ. ಅದನ್ನ ವಾಪಸ್ ಹಾಕಬೇಕು.'